ಮೇಲೆ ಬಂದವರಿಗೆ ನೀರು

ಮೊನ್ನೆ ಮೊಮ್ಮಗಳು ಸಾವಿತ್ರಿ ಫೋನು ಮಾಡಿ, ಕರಾವಳಿಯ ಡೈವಿಂಗ್ ದೋಣಿಯಲ್ಲಿ ತನಗೆ ಕೆಲಸ ಸಿಕ್ಕಿತು ಎಂದಳು. "ಆಯೀ, ನೀನೂ ಅಲ್ಲೇ ಇದ್ದೆಲ್ಲ. ಏನೇನ್ ಮಾಡ್ತಿದ್ದಿ, ಒಂದೀಟು ಹೇಳಲಾ" ಎಂದಳು. ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಎದುರಿಗೆ ಕುಳಿತವರ ಮುಂದೆಯೂ ಅಷ್ಟಕ್ಕಷ್ಟೆ. ಮೋರಟಗಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಹಾಗಾಗಿ ಬರೆಯುತ್ತೇನೆ. ಸಾವಿತ್ರಿ ಓದಲಿ, ಉಳಿದ ಮೊಮ್ಮಕ್ಕಳೂ ಓದಲಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಒಂದು ದಿನವೂ ನೀರಿಗೆ ಇಳಿದವಳಲ್ಲ. ನನಗೆ ಈಜು ಬರುವುದಿಲ್ಲ. ಇಳಿದವರು ಮೇಲೆ ಬರುವುದನ್ನು ಕಾಯುವುದೇ ನನ್ನ ಕೆಲಸವಾಗಿತ್ತು. ಕಾಯುವ ಕೆಲಸ ಹಗುರ ಎಂದು ಯಾರಾದರೂ ಹೇಳಿದರೆ ನಂಬಬೇಡ. ಮನೆಗೆ ಬಂದ ಮೇಲೆ ನನ್ನ ಮೈ ನೋಯುತ್ತಿದ್ದದ್ದು ಸಿಲಿಂಡರು ಎತ್ತಿದ್ದಕ್ಕಿಂತ ಆ ಕಾಯುವುದರಿಂದಲೇ.

ನಿಮ್ಮ ಅಜ್ಜ ಕಟ್ಟಡದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದರು. ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆಯ ಮಂದಿ ಆಗಲೇ ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಸಾಲಾಗಿ ಇದ್ದರು. ಸಮುದ್ರಕ್ಕೆ ಮುಖ ಮಾಡಿದ ಹೋಟೆಲುಗಳನ್ನು ಕಟ್ಟಿದವರು ನಮ್ಮವರು. ನಾನೂ ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು ಹಿಂದೆ ಹೋದೆ. ಎರಡನೆಯ ವರ್ಷ ಅಜ್ಜನಿಗೆ ಕಾಮಾಲೆಯಾಯಿತು. ಊರಿಗೆ ಕರೆತರುವಷ್ಟು ಹೊತ್ತು ಅವರು ಇರಲಿಲ್ಲ. ಆ ಮೇಲೆ ನಾನು ಊರಿಗೆ ಬಂದು ಏನು ಮಾಡಲಿ ಎಂದು ಅಲ್ಲೇ ಉಳಿದೆ.

ಡೈವಿಂಗ್ ನಡೆಸುತ್ತಿದ್ದವರು ನೌಕಾದಳದಲ್ಲಿ ಇದ್ದು ಬಂದವರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಒಂದು ದಿನ ಶೆಡ್ಡಿಗೆ ಬಂದು ಹೆಂಗಸೊಬ್ಬಳು ಬೇಕು ಎಂದರು. ರಬ್ಬರಿನ ಉಡುಪು ಬಹಳ ಬಿಗಿ. ಅದನ್ನು ಮೈಗೆ ಏರಿಸಲು, ಜಿಪ್ಪು ಎಳೆಯಲು ಇನ್ನೊಬ್ಬರು ಬೇಕೇ ಬೇಕು. ಬರುವ ಹೆಣ್ಣುಮಕ್ಕಳು ಗಂಡಸರಿಂದ ಅದನ್ನು ಮಾಡಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಮಾತು ಕಡಿಮೆ ಆಡುವವಳು ಇವಳೇ ಎಂದು ಶೆಡ್ಡಿನವರು ನನ್ನನ್ನು ಮುಂದೆ ನೂಕಿದರು. ಹೀಗೆ ನನ್ನ ನಾಚಿಕೆಯೇ ನನಗೆ ಕೆಲಸ ಕೊಡಿಸಿತು.

ಕೆಲಸವೆಂದರೆ ತೊಯ್ದದ್ದನ್ನು ಒಣಗಿಸುವುದು. ಬೆಳಿಗ್ಗೆ ಉಡುಪು, ಮಾಸ್ಕು, ಕಾಲಿಗೆ ಹಾಕುವ ರೆಕ್ಕೆ, ಸೀಸದ ಬೆಲ್ಟು ಎಲ್ಲವನ್ನೂ ದೋಣಿಗೆ ಹೊರುವುದು. ದ್ವೀಪಕ್ಕೆ ಹೋಗುವ ದಾರಿಯುದ್ದಕ್ಕೂ ವಾಂತಿ ಮಾಡುವವರ ಬೆನ್ನು ನೀವುವುದು. ಅಲ್ಲಿ ದೋಣಿಯ ಹಿಂಭಾಗದಲ್ಲಿ ನನ್ನ ಹಳೆಯ ಇಳಕಲ್ ಸೀರೆಯನ್ನು ಮರೆಗೆ ಕಟ್ಟಿ ಹೆಂಗಸರಿಗೆ ಉಡುಪು ತೊಡಿಸುವುದು. ಮಧ್ಯಾಹ್ನ ವಾಪಸು ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿಗೆ ಹಾಕುವುದು. ಉಪ್ಪು ಉಳಿದರೆ ರಬ್ಬರು ಸೀಳುತ್ತದೆ. ನೀರಿನೊಳಗೆ ದೊಡ್ಡ ದೊಡ್ಡ ಮನುಷ್ಯರೂ ಉಡುಪಿನಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾರೆ ಎಂಬುದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೇಳುತ್ತಿದ್ದೇನೆ. ನನ್ನ ಬೆರಳ ಸಂದುಗಳು ಇಂದಿಗೂ ಚಳಿಗಾಲದಲ್ಲಿ ಬಿರಿಯುತ್ತವೆ. ಮಳೆಗಾಲದಲ್ಲಿ ದೋಣಿ ದಡಕ್ಕೇರುತ್ತಿತ್ತು. ಆಗ ಮೋರಟಗಿಗೆ ಬಂದು ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆ. ಅದನ್ನೇ ನಾನು ವಿಶ್ರಾಂತಿ ಎಂದುಕೊಳ್ಳುತ್ತಿದ್ದೆ.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಉಡುಪುಗಳು ಬಿರುಸಾಗಿದ್ದವು. ನಮ್ಮ ಊರಲ್ಲಿ ಚಕ್ಕಡಿಗೆ ಬಿಗಿಯುವ ತೊಗಲಿನ ಮಿಣಿ ಬಿರುಸಾದರೆ ಎಣ್ಣೆ ಉಜ್ಜುತ್ತೇವೆ, ಮೆತ್ತಗಾಗುತ್ತದೆ. ಊರಿಂದ ತಂದ ಕುಸುಬಿ ಎಣ್ಣೆಯನ್ನು ಎರಡು ಉಡುಪುಗಳಿಗೆ ಚೆನ್ನಾಗಿ ಉಜ್ಜಿಟ್ಟೆ. ಬೆಳಗಾಗುವುದರಲ್ಲಿ ಅವು ಉಬ್ಬಿ, ಅಂಟಂಟಾಗಿ, ಮೂಸಿದರೆ ಒಗ್ಗರಣೆಯ ವಾಸನೆ. ಸಾಹೇಬರು ಒಂದನ್ನು ಎತ್ತಿ ಹಿಡಿದು, ಮೂಸಿ, ನನ್ನನ್ನು ನೋಡಿದರು.

"ಇದನ್ನ ಹಾಕೋದಾ, ಕರಿಯೋದಾ?"

ನಾನು ನೆಲ ನೋಡಿದೆ. ಅವರಿಗೆ ನಗು ಬಂದಿತ್ತೋ ಸಿಟ್ಟು ಬಂದಿತ್ತೋ ಗೊತ್ತಾಗಲಿಲ್ಲ. ಹಿಂದಿಯಲ್ಲಿ ಏನೋ ಗೊಣಗಿ, ಸಿಲಿಂಡರಿನ ಬಾಯಿಗೆ ಮಾತ್ರ ಸಾಯುವವರೆಗೂ ಎಣ್ಣೆ ಮುಟ್ಟಿಸಬೇಡ ಎಂದು ಮೂರು ಸಲ ಹೇಳಿದರು. ಒತ್ತಿ ತುಂಬಿದ ಗಾಳಿಗೆ ಎಣ್ಣೆ ತಾಗಿದರೆ ಬೆಂಕಿ ಹತ್ತಬಹುದಂತೆ. ಸಾವಿತ್ರಿ, ನೀನೂ ಮುಟ್ಟಿಸಬೇಡ.

ನಮ್ಮ ಕಡೆಯ ಮಂದಿ ಬಂದರೆ ಸಾಹೇಬರಿಗೆ ತಲೆನೋವು. ದಂಡೆಯ ಗುಡಿಗೆ ಬರುವವರು, ಹಾಗೇ ದೋಣಿಯನ್ನೂ ಹತ್ತುವವರು. ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಹೊಟ್ಟೆ ತುಂಬ ತಿಂದು ಬರುತ್ತಿದ್ದರು. ಬೇಡ ಎಂದರೆ, "ಖಾಲಿ ಹೊಟ್ಟೀಲೆ ಹೊಲಕ್ಕೂ ಹೋಗೂದಿಲ್ಲವ್ವ, ಇನ್ನ ಸಮುದ್ರಕ್ಕ ಹೋಗ್ತೇವೇನು?" ಎನ್ನುತ್ತಿದ್ದರು. ಅರ್ಧ ದಾರಿಯಲ್ಲಿ ಆ ಹೋಳಿಗೆಯೆಲ್ಲ ಮೀನಿನ ಪಾಲು.

ಹೊರ್ತಿಯ ಕಡೆಯ ಒಬ್ಬ ರೈತ ನೆನಪಿದ್ದಾನೆ. ನೀರಿನೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು ಮೇಲೆತ್ತಿದರೆ ಮೇಲಕ್ಕೆ ಹೋಗೋಣ ಎಂದರ್ಥ. ಅವನಿಗೆ ದೋಣಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಕೆಳಗೆ ಬಣ್ಣದ ಮೀನು ಕಂಡ ಕೂಡಲೇ ಖುಷಿಯಿಂದ ಹೆಬ್ಬೆರಳು ಎತ್ತಿದ. ನಮ್ಮ ಡೈವರು ರೋಷನ್ ಅವನನ್ನು ಮೇಲೆ ತಂದ. ಮತ್ತೆ ಇಳಿಸಿದರೆ ಮತ್ತೆ ಹೆಬ್ಬೆರಳು.

"ಏನಲೇ ತಮ್ಮಾ, ಚಲೋ ಐತಿ ಅಂತ ಹೇಳಾಕತ್ತೇನಿ, ಮತ್ತ ಮತ್ತ ಮ್ಯಾಲ ಎಳೀತಿ! ನಾ ಏನ್ ಬಾವ್ಯಾನ ಕೊಡಪಾನ ಏನ?"

ರೋಷನ್ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆ ದೋಣಿಯಲ್ಲಿ ನಾನು ನಕ್ಕದ್ದು ಕಡಿಮೆ.

ನಾನು ಸೇರಿದಾಗ ದೋಣಿಯ ಮೇಲೆಯೇ ಸ್ವಲ್ಪ ಹೇಳಿಕೊಟ್ಟು ನೇರ ಸಮುದ್ರಕ್ಕೆ ಇಳಿಸುತ್ತಿದ್ದರು. ಆಮೇಲೆ ಹೋಟೆಲಿನ ಈಜುಕೊಳದಲ್ಲಿ ಒಂದು ದಿನ ಅಭ್ಯಾಸ ಮಾಡಿಸಿ ಮರುದಿನ ಕರೆದೊಯ್ಯುವ ಪದ್ಧತಿ ಬಂತು. ವೈದ್ಯರ ಚೀಟಿ ಕೇಳುವುದು ಬಂತು. ಒಳ್ಳೆಯದೇ ಆಯಿತು. ಮೊದಮೊದಲು ಮಂದಿ ದಮ್ಮು, ನೆಗಡಿ, ಬಿಪಿ ಎಲ್ಲವನ್ನೂ ಮುಚ್ಚಿಡುತ್ತಿದ್ದರು. ಉಡುಪು ತೊಡಿಸುವಾಗ ನನ್ನ ಕಿವಿಗೆ ಮಾತ್ರ ಹೇಳುತ್ತಿದ್ದರು. ಹೆಂಗಸರು ಹೆಂಗಸರಿಗೆ ಹೇಳುವ ಹಾಗೆ. ಅದನ್ನು ಹೋಗಿ ರೋಷನ್‌ಗೆ ಹೇಳಬೇಕಾದರೆ ನನಗೆ ನಾಚಿಕೆಯಿಂದ ಮೈ ಬೆವರುತ್ತಿತ್ತು. ಆದರೂ ಹೇಳುತ್ತಿದ್ದೆ. ಇದನ್ನು ನೀನೂ ಮಾಡಬೇಕು.

ಸಾಹೇಬರು ನನಗೆ ಕೊಟ್ಟ ಹುಕುಂ ಒಂದೇ. ಮೇಲೆ ಬಂದವರಿಗೆ ಮೊದಲು ನೀರು ಕುಡಿಸು, ಅವರು ಬೇಡ ಎಂದರೂ ಕುಡಿಸು. ಸಿಲಿಂಡರಿನ ಗಾಳಿ ಒಣಗಾಳಿ. ಮೇಲೆ ಬಿಸಿಲು, ವಾಂತಿ ಬೇರೆ ಆಗಿರುತ್ತದೆ. ನೀರು ಕುಡಿಯದವರು ಅಲ್ಲೇ ಒರಗಿಬಿಡುತ್ತಾರೆ. ಎಷ್ಟೋ ವರ್ಷ ಆ ಕೆಲಸ ಮಾಡಿದೆ. ಕುಡಿಯುವುದಿಲ್ಲ ಎಂದು ಪಟ್ಟು ಹಿಡಿದವರು ಒಬ್ಬರೇ. ಅವರ ವಿಷಯವನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅವರ ಹೆಸರು ಗಿರಿಜಾ, ಬಸವನ ಬಾಗೇವಾಡಿ ಕಡೆಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ನಲವತ್ತು ದಾಟಿತ್ತು. ಕಾಲೇಜಿಗೆ ಹೋಗುವ ಮಗ ಬಸವರಾಜ ಜೊತೆಯಲ್ಲಿದ್ದ. ಬೇಸಿಗೆಯ ರಜೆ. ಸೀರೆಯ ಮರೆಯಲ್ಲಿ ಉಡುಪು ತೊಡಿಸುವಾಗ ನನ್ನ ಮಾತು ಕೇಳಿ ಗುರುತು ಹಿಡಿದುಬಿಟ್ಟರು.

"ನೀವು ನಮ್ಮ ಕಡೆಯವರ ಏನ್ರಿ?"

"ಮೋರಟಗಿ ರೀ."

"ಅಯ್ಯ ಶಿವನ! ಮೋರಟಗಿಯಾಕಿ ಇಲ್ಲಿ ಏನ್ ಮಾಡಾಕತ್ತೀಯವ್ವ?"

"ನಿಮಗ ಅರಿವಿ ತೊಡಸಾಕತ್ತೇನ್ರಿ."

ಅವರು ಜೋರಾಗಿ ನಕ್ಕರು. "ವರ್ಷಾ ವರ್ಷಾ ಹುಡುಗರಿಗೆ ಹವಳದ ಪಾಠ ಹೇಳ್ತೇನಿ. ಹಲಗಿ ಮ್ಯಾಲ ಸುಣ್ಣದ ಕಡ್ಡೀಲೆ ಗೀರತೇನಿ. ನಾನ ನೋಡಿಲ್ಲ. ಹಿಂಗಾಗಿ ಬಂದೇನಿ" ಎಂದರು.

ಕೊರಳಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ ಇತ್ತು. ಕೊರಳಿಗೆ ಏನೂ ಇರಬಾರದು, ಬಳ್ಳಿಬಳ್ಳಿಯಾದ ಗಾಳಿಯ ಕೊಳವೆಗೆ ಸಿಕ್ಕಿಕೊಳ್ಳುತ್ತದೆ ಎಂದೆ.

"ಸರ ತಗದೇನಲ್ಲ. ಇದು ಲಿಂಗ, ಇದನ್ನ ತಗಿಯಾಕ ಬರೂದಿಲ್ಲ."

ನಾವು ಕುರಿ ಕಾಯುವ ಮನೆತನದವರು, ನಮ್ಮಲ್ಲಿ ಲಿಂಗ ಕಟ್ಟುವುದಿಲ್ಲ. ಆದರೆ ಪಕ್ಕದ ಮನೆಯ ಮುದುಕಿ ಲಿಂಗಪೂಜೆಯಾಗದೆ ಒಂದು ಹನಿ ನೀರೂ ಕುಡಿಯದಿದ್ದುದನ್ನು ನೋಡುತ್ತಲೇ ಬೆಳೆದವಳು ನಾನು. ಅದು ಮೈ ಬಿಟ್ಟು ಅಗಲಬಾರದು. ರೋಷನ್‌ಗೆ ಹೋಗಿ ಹೇಳಿದೆ. ಅವನು ಯೋಚಿಸಿ, ಉಡುಪಿನ ಒಳಗೇ ಇರಲಿ, ಹೊರಗೆ ಬರಬಾರದು ಎಂದ. ಹಾಗೇ ಮಾಡಿದೆವು.

ಸಾಹೇಬರು ಆ ದಿನ ಊರಲ್ಲಿರಲಿಲ್ಲ. ದೋಣಿಯಲ್ಲಿ ಇದ್ದದ್ದು ನಾನು, ರೋಷನ್, ದೋಣಿ ನಡೆಸುವ ತಾಂಡೇಲ, ಮತ್ತೆ ಈ ತಾಯಿ ಮಗ. ದಾರಿಯಲ್ಲಿ ಅಕ್ಕೋರಿಗೆ ಎರಡು ಸಲ ವಾಂತಿಯಾಯಿತು. ಆದರೂ ಇಳಿದರು. ನೀರಿನೊಳಗೆ ಕರಡಿಗೆ ಎದೆಗೂಡಿಗೆ ಒತ್ತಿ ನೋವಾಯಿತಂತೆ. ತಾವೇ ಕೊರಳ ಬಳಿ ಉಡುಪು ಸ್ವಲ್ಪ ಸಡಿಲಿಸಿ ಅದನ್ನು ಹೊರಗೆಳೆದುಕೊಂಡಿದ್ದರು. ಮೇಲೆ ಬಂದವರು ಏಣಿ ಹತ್ತುವ ಮೊದಲು ಸಿಲಿಂಡರಿನ ಜಾಕೆಟನ್ನು ನೀರಿನಲ್ಲೇ ಕಳಚುತ್ತಾರೆ. ಆಗ ಪಟ್ಟಿಗೆ ಕರಡಿಗೆಯ ಶಿವದಾರ ಸಿಕ್ಕಿ ಹರಿದಿರಬೇಕು. ಯಾರಿಗೂ ಕಾಣಲಿಲ್ಲ.

ಅಕ್ಕೋರು ಏಣಿ ಹತ್ತಿ ಕುಳಿತರು. ಮುಖ ತುಂಬ ನಗು.

"ಏನ್ ಚಂದ ಐತವ್ವಾ ಅದು! ನಾ ಹಲಗಿ ಮ್ಯಾಲ ಗೀರಿದ್ದೆಲ್ಲಾ ಖೊಟ್ಟಿ..." ಎನ್ನುತ್ತ ಎದೆಯ ಮೇಲೆ ಕೈ ಇಟ್ಟುಕೊಂಡರು. ಕೈ ಅಲ್ಲೇ ನಿಂತಿತು. ನಾನು ಚಾಚಿದ್ದ ನೀರಿನ ಲೋಟವನ್ನು ಅವರು ನೋಡಲೂ ಇಲ್ಲ.

ರೋಷನ್ ಕೂಡಲೇ ಮುಳುಗಿದ. ಹವಳದ ಬಂಡೆಯ ಸಂದುಗಳಲ್ಲಿ ಬೆಳ್ಳಿಯ ಹೊಳಪು ಹುಡುಕಿದ. ಸಿಗಲಿಲ್ಲ. ಉಸಿರು ತಿರುಗಿಸಿಕೊಂಡು ಇನ್ನೊಂದು ಸಿಲಿಂಡರು ಹಾಕಿಕೊಂಡು ಮತ್ತೆ ಇಳಿದ. ಬಸವರಾಜ ದೋಣಿಯ ಅಂಚಿಗೆ ಆತು ಕುಳಿತು ನೀರನ್ನೇ ದಿಟ್ಟಿಸುತ್ತಿದ್ದ. ಅಕ್ಕೋರು ಉಡುಪು ಕಳಚಲಿಲ್ಲ, ಸೀರೆ ಉಡಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು.

"ಯವ್ವಾ, ಒಂದ್ ಗುಟುಕು ಕುಡೀ" ಎಂದ ಮಗ.

"ಲಿಂಗಿಲ್ಲದ ಮೈಗೆ ನೀರ ಹ್ಯಾಂಗ ಇಳೀತೈತೋ?"

"ಹೊಸಾದು ಕಟ್ಟಿಸ್ಕೊಂಡ್ರಾತು. ಊರಿಗೆ ಹೋಗಿ."

"ಹೌದು, ಊರಿಗೆ ಹೋಗಿ ಕಟ್ಟಿಸ್ಕೋತೇನಿ. ಆಮ್ಯಾಲ ಕುಡೀತೇನಿ."

ಊರೆಂದರೆ ಒಂದು ರಾತ್ರಿಯ ಬಸ್ಸಿನ ದಾರಿ. ಅವರ ತುಟಿ ಆಗಲೇ ಬಿಳಿಚಿ ಸಿಪ್ಪೆ ಎದ್ದಿತ್ತು. ಕಣ್ಣು ಒಳಗೆ ಹೋಗಿತ್ತು. ಅಂಥ ಮುಖಗಳನ್ನು ನಾನು ನೋಡಿದ್ದೆ, ಮುಂದೇನಾಗುತ್ತದೆ ಎಂಬುದನ್ನೂ ನೋಡಿದ್ದೆ. ಇವರು ಊರು ಮುಟ್ಟುವುದಿಲ್ಲ ಎಂದು ನನಗೆ ಅನಿಸಿತು.

ತಾಂಡೇಲ ನನ್ನನ್ನು ಹಿಂದಕ್ಕೆ ಕರೆದ. ಕರಾವಳಿಯ ಮೀನುಗಾರ, ಒಳ್ಳೆಯ ಮನುಷ್ಯ.

"ಅಮ್ಮ, ದ್ವೀಪದ ದಂಡೆಯಲ್ಲಿ ಕಪ್ಪು ಕಲ್ಲು ಬೇಕಾದಷ್ಟಿದೆ ಮಾರಾಯ್ತಿ. ನುಣ್ಣಗಿರೋದು ಒಂದು ತಂದು, ಇದೇ ಸಿಕ್ತು ಹೇಳುವಾ. ಜೀವ ಉಳೀತದೆ."

ನನಗೂ ಒಂದು ಗಳಿಗೆ ಅದೇ ಸರಿ ಎನ್ನಿಸಿತು. ಆದರೆ ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ನೋಡಿದ ಲಿಂಗ ಅದು.

"ಅವರ ಅಂಗೈಗೆ ಅದರ ತೂಕ ಗೊತ್ತೈತಣ್ಣ" ಎಂದೆ.

ರೋಷನ್ ಎರಡನೆಯ ಸಲ ಮೇಲೆ ಬಂದಾಗ ಮಾಸ್ಕಿನೊಳಗೆ ರಕ್ತ ಇತ್ತು. ಮೂಗಿನಿಂದ ಸೋರಿತ್ತು. ಮೇಲಿಂದ ಮೇಲೆ ಮುಳುಗೆದ್ದರೆ ಹಾಗಾಗುತ್ತದೆ. ಅವನು ಅದನ್ನು ಸಮುದ್ರದ ನೀರಿನಲ್ಲೇ ತೊಳೆದು, ಇನ್ನೊಂದು ಸಿಲಿಂಡರು ಕೊಡಿ ಎಂದು ಕೈ ಚಾಚಿದ. ಅಕ್ಕೋರು ಅದನ್ನು ನೋಡಿಬಿಟ್ಟರು.

"ಇವ ಮತ್ತ ಇಳದ್ರ ಏನಾಗತೈತಿ?" ಎಂದು ನನ್ನನ್ನು ಕೇಳಿದರು.

"ಏನೂ ಆಗದನೂ ಇರಬಹುದ್ರಿ. ಆಗಲೂಬಹುದ್ರಿ."

"ಇವನವ್ವ ಅದಾಳೇನು?"

"ಅದಾಳ್ರಿ."

ಅವರು ಎದ್ದು ಹೋಗಿ ರೋಷನ್‌ನ ತೋಳು ಹಿಡಿದು ಮೇಲಕ್ಕೆ ಎಳೆದರು. "ಸಾಕಪ್ಪ. ದೋಣಿ ತಿರುಗಸ್ರಿ" ಎಂದರು. ಕುಳಿತಲ್ಲಿಗೆ ವಾಪಸು ಬರುವಾಗ ಅವರ ಕಾಲು ತೊಡರಿತು. ನಾನು ಹಿಡಿದುಕೊಂಡೆ. ಮೈ ಸುಡುತ್ತಿತ್ತು, ಆದರೆ ಬೆವರು ನಿಂತುಹೋಗಿತ್ತು.

ವಾಪಸು ಬರುವ ದಾರಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಒದ್ದೆ ಬಟ್ಟೆಯಿಂದ ಹಣೆ ಒರೆಸಿದೆ. ಅದಕ್ಕೆ ಬೇಡ ಎನ್ನಲಿಲ್ಲ. ಬಟ್ಟೆ ತುಟಿಯ ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದರು. ದಂಡೆ ಕಾಣುವ ಹೊತ್ತಿಗೆ ನನಗೆ ನಮ್ಮ ಶೆಡ್ಡಿನ ಮಲ್ಲಯ್ಯ ನೆನಪಾದರು. ಇಂಡಿ ತಾಲೂಕಿನ ಜಂಗಮರು. ಹೋಟೆಲಿನ ಕಟ್ಟಡದಲ್ಲಿ ಸಿಮೆಂಟು ಕಲಸುತ್ತಿದ್ದರು. ಶೆಡ್ಡಿನ ಲಿಂಗವಂತರ ಮನೆಗಳಲ್ಲಿ ಕೂಸು ಹುಟ್ಟಿದರೆ ಊರಿಗೆ ಒಯ್ಯಲು ಆಗುವುದಿಲ್ಲವೆಂದು ಅವರೇ ಲಿಂಗ ಕಟ್ಟುತ್ತಿದ್ದರು. ಅದಕ್ಕಾಗಿ ನಾಲ್ಕಾರು ಲಿಂಗ ತಂದಿಟ್ಟುಕೊಂಡಿದ್ದರು.

ಹೇಳಲೋ ಬೇಡವೋ ಎಂದು ಬಹಳ ಹೊತ್ತು ತಡೆದೆ. ಹೊಲ ಮನೆ ಇದ್ದವರು, ಮಠಕ್ಕೆ ನಡೆದುಕೊಳ್ಳುವವರು, ಶಾಲೆಯಲ್ಲಿ ಕಲಿಸುವವರು. ಅವರನ್ನು ತಗಡಿನ ಶೆಡ್ಡಿಗೆ ಬನ್ನಿ ಎನ್ನಲು ನಾನು ಯಾರು? ಕೊನೆಗೆ ಹೇಳಿದೆ. ಬಸವರಾಜ ಮುಖ ಗಂಟಿಕ್ಕಿಕೊಂಡ.

"ಸಿಮೆಂಟ್ ಕಲಸೂ ಅಯ್ಯನ ಕಡೆಯಿಂದ? ಅಪ್ಪಗ ಗೊತ್ತಾದ್ರ ಏನಂತಾನ ಯವ್ವ?"

ಅಕ್ಕೋರು ಕಣ್ಣು ತೆರೆಯದೆಯೇ, "ನಿಮ್ಮಪ್ಪ ಇಲ್ಲಿದ್ರ ಅಂತಿದ್ದ. ನೀ ನನ್ನ ಎಬ್ಬಸು" ಎಂದರು.

ತಾಂಡೇಲ ಒಂದು ಆಟೋ ಹಿಡಿದ. ಮಲ್ಲಯ್ಯನವರು ಕೆಲಸದ ಮಧ್ಯದಿಂದಲೇ ಬಂದರು. ಮೊಣಕಾಲಿನವರೆಗೆ ಸಿಮೆಂಟು ಒಣಗಿ ಬೂದಿ ಬಳಿದ ಹಾಗಿತ್ತು. ಸಂಗತಿ ಕೇಳಿ ಅವರೂ ಹಿಂಜರಿದರು.

"ಅಕ್ಕೋರ, ನಾ ಮಠದಾಗ ಕೂಡ್ರಾಂವ ಅಲ್ರಿ. ಇಲ್ಲಿ ಹುಟ್ಟಿದ ಕೂಸುಗಳಿಗೆ ಕಟ್ಟತೇನಿ, ಅಷ್ಟ. ದೊಡ್ಡವರಿಗೆ ಕಟ್ಟಿಲ್ಲ."

"ಕೂಸಿಗೆ ಕಟ್ಟೂ ಲಿಂಗ ಬ್ಯಾರೆ ಐತೇನ್ರಿ?"

ಮಲ್ಲಯ್ಯ ಕೈಗಂಟಿದ ಸಿಮೆಂಟು ಕೊಡವಿಕೊಂಡರು. "ಜಳಕ ಮಾಡಿ ಬರತೇನಿ" ಎಂದರು.

ಜಳಕಕ್ಕೆ ನೀರಿರಲಿಲ್ಲ. ಶೆಡ್ಡಿಗೆ ಟ್ಯಾಂಕರು ಬರುವುದು ಸಂಜೆಗೆ. ನಾನು ಓಡಿದೆ. ನಮ್ಮ ಡೈವಿಂಗ್ ಕೋಣೆಯ ಹಿಂದೆ ಉಡುಪು ತೊಳೆಯುವ ಸಿಹಿನೀರಿನ ಬ್ಯಾರಲ್ಲು ಇತ್ತು. ಎರಡು ಕೊಡ ತುಂಬಿಕೊಂಡು, ಒಂದು ತಲೆಯ ಮೇಲೆ, ಒಂದು ಸೊಂಟದಲ್ಲಿ. ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇರಲಿಲ್ಲ. ಮರಳಿನಲ್ಲಿ ಕಾಲು ಹೂಳುತ್ತಿತ್ತು. ದಾರಿಯಲ್ಲಿ ಬಸವರಾಜ ಎದುರು ಬಂದ. ಏನೂ ಹೇಳದೆ ತಲೆಯ ಮೇಲಿನ ಕೊಡ ಇಳಿಸಿಕೊಂಡು ತನ್ನ ಹೆಗಲಿಗೆ ಇಟ್ಟುಕೊಂಡ.

ಮಲ್ಲಯ್ಯ ಸ್ನಾನ ಮಾಡಿ, ಮಡಿಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ಅವರೇ ಬೇರೆ ಮನುಷ್ಯರಾಗಿ ಕಂಡರು. ಅಕ್ಕೋರಿಗೂ ಶೆಡ್ಡಿನ ಹೆಂಗಸರು ಮೈಮೇಲೆ ನೀರು ಹಾಕಿ ಒಣಗಿದ ಸೀರೆ ಉಡಿಸಿದ್ದರು. ಮಲ್ಲಯ್ಯ ಅವರ ಕಿವಿಯಲ್ಲಿ ಮಂತ್ರ ಹೇಳಿ, ಲಿಂಗವನ್ನು ಎಡ ಅಂಗೈಯ ಮೇಲಿಟ್ಟರು. ಕರಡಿಗೆ ಇರಲಿಲ್ಲ. ಹೊಸ ಅರಿವೆಯ ತುಂಡಿನಲ್ಲಿ ಸುತ್ತಿ ದಾರ ಪೋಣಿಸಿ ಕೊಟ್ಟರು.

"ಇದು ದಾರೀಗೆ ಅಂತ ತಿಳೀರಿ ಅಕ್ಕೋರ. ಊರಿಗೆ ಹೋದ ಮ್ಯಾಲ ನಿಮ್ಮ ಗುರುಗಳಿಗೆ ಎಲ್ಲಾ ಹೇಳ್ರಿ. ಅವರು ಹ್ಯಾಂಗ ಅಂತಾರ ಹಂಗ ಮಾಡ್ರಿ."

ಅಕ್ಕೋರು ಅಂಗೈಯನ್ನೇ ನೋಡುತ್ತಿದ್ದರು. ಎಲ್ಲರೂ ಸುತ್ತ ನಿಂತಿದ್ದೆವು. ಬೇಡ, ಇದು ನನ್ನದಲ್ಲ ಎಂದರೆ ನನ್ನ ಬಳಿ ಬೇರೆ ದಾರಿ ಇರಲಿಲ್ಲ. ಕೊನೆಗೆ ದಾರವನ್ನು ಕೊರಳಿಗೆ ಹಾಕಿಕೊಂಡು, ಸೆರಗು ಮುಚ್ಚಿ, ನನ್ನ ಕಡೆ ಕೈ ಚಾಚಿದರು.

ಒಂದು ಗುಟುಕು ಕುಡಿದರು. ನಿಂತರು. ನುಂಗಿದರು. ಆಮೇಲೆ ಲೋಟ ಕೆಳಗಿಳಿಸಲಿಲ್ಲ. ಬಸವರಾಜ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡ. ರೋಷನ್ ಮೂಗಿಗೆ ಹತ್ತಿ ಇಟ್ಟುಕೊಂಡು ಬಾಗಿಲಲ್ಲೇ ಕುಳಿತಿದ್ದ. ಎರಡನೆಯ ಲೋಟವನ್ನು ಅಕ್ಕೋರು ಅವನಿಗೆ ಕೊಡಿಸಿದರು.

ಹೊತ್ತು ಇಳಿಯುವಾಗ ಅವರಿಗೆ ಜೀವ ಬಂದಿತ್ತು. ಶೆಡ್ಡಿನ ಮಕ್ಕಳು ಸುತ್ತ ಮುತ್ತಿಕೊಂಡರು. ಅಪ್ಪ ಅವ್ವ ಕಟ್ಟುವ ಹೋಟೆಲಿನ ಎದುರಿಗೇ ಸಮುದ್ರ ಇದ್ದರೂ ಅವು ಅದರೊಳಗೆ ಏನಿದೆ ಎಂದು ಕಂಡವಲ್ಲ. "ಅಕ್ಕೋರ, ಒಳಗ ಏನೈತ್ರಿ?" ಎಂದು ಒಂದು ಹುಡುಗಿ ಕೇಳಿತು. ಅಕ್ಕೋರು ಹೇಳಲು ಶುರು ಮಾಡಿದರು. ಹವಳ ಕಲ್ಲಲ್ಲ, ಅದಕ್ಕೂ ಜೀವ ಐತಿ, ಅದೂ ಉಣ್ಣತೈತಿ ಎನ್ನುವವರೆಗೆ ಕೇಳಿದೆ. ಮುಂದೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅವರ ಬದಿಯಲ್ಲಿ ಖಾಲಿ ಲೋಟ ಬಿದ್ದಿತ್ತು. ಅದನ್ನು ನೋಡುತ್ತ ನೋಡುತ್ತ ತಗಡಿನ ಗೋಡೆಗೆ ಒರಗಿ ಕುಳಿತಲ್ಲೇ ನನಗೆ ನಿದ್ದೆ ಹತ್ತಿಬಿಟ್ಟಿತ್ತು.